ಜೇಬಿಗೆ ನಾವು ಹೊಣೆ

ಎಲೆ ಉದುರುವ ಕಾಲ ಬಂತೆಂದರೆ ಅಂಕಣ ಬರೆಯುವವರಿಗೆ ಸುಗ್ಗಿ ಎಂದು ಜನ ತಿಳಿದುಕೊಂಡಿದ್ದಾರೆ. ಶುದ್ಧ ಸುಳ್ಳು. ನಾನು ಒಂದು ಪತ್ರಿಕೆಗೆ ವಾರಕ್ಕೊಂದು ಲಘು ಬರಹ ಬರೆಯಲು ಹಿಡಿದು ಹದಿನಾಲ್ಕು ವರ್ಷವಾಯಿತು. ಹದಿನಾಲ್ಕು ಸಲ ಎಲೆ ಉದುರಿಸಿದ್ದೇನೆ. ಹಳದಿ ಎಲೆ, ಕೆಂಪು ಎಲೆ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬಂದ ಎಲೆ, ಎಲ್ಲವೂ ಆಗಿಹೋಗಿವೆ. ಈ ವರ್ಷ ಸಂಪಾದಕರು ಮೊದಲೇ ಫೋನು ಮಾಡಿ, ಎಲೆ ಬೇಡ, ನಾಳೆ ಮಧ್ಯಾಹ್ನದೊಳಗೆ ಬೇರೆ ಏನಾದರೂ ಕೊಡಿ ಎಂದುಬಿಟ್ಟರು. ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ನಾನು ಹೋಗುವ ಜಾಗ ಒಂದೇ, ಅತ್ತೆಯ ಲಾಂಡ್ರಿ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ವಯಸ್ಸು ಅರವತ್ತಾರು. ನಲವತ್ತೊಂದು ವರ್ಷದಿಂದ ಅದೇ ಬೀದಿಯಲ್ಲಿ, ಅದೇ ಅಂಗಡಿಯಲ್ಲಿ ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಾಳೆ. ಬೀದಿಯ ಜನಕ್ಕೆಲ್ಲ ಅವಳು ಜೇಬತ್ತೆ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಹಲ್ಲಿನ ಡಾಕ್ಟರು ಕೂಡ ಜೇಬತ್ತೆ ಎಂದೇ ಕರೆಯುತ್ತಾರೆ. ಈ ಹೆಸರು ಬಂದದ್ದು ಅವಳು ಕೆಲಸ ಮಾಡುವ ಕ್ರಮದಿಂದ.

ಯಾವ ಬಟ್ಟೆ ಬರಲಿ, ಅದಕ್ಕೆ ನೀರು ಮುಟ್ಟಿಸುವ ಮೊದಲು ಅತ್ತೆ ಅದನ್ನು ಉದ್ದನೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾಳೆ. ಆಮೇಲೆ ಜೇಬು ನೋಡುತ್ತಾಳೆ. ಕೋಟಾದರೆ ಏಳು ಕಡೆ. ಹೊರಗಿನ ಎರಡು, ಎದೆಯದೊಂದು, ಒಳಗಿನ ಎರಡು, ಒಳಜೇಬಿನ ಮಗ್ಗುಲಲ್ಲಿ ಅವಿತಿರುವ ಕಳ್ಳಜೇಬು, ಕೊನೆಗೆ ತೋಳಿನ ಮಡಿಕೆ. ಜೇಬೇ ಅಲ್ಲದ ತೋಳಿನ ಮಡಿಕೆಯನ್ನು ಯಾಕೆ ನೋಡಬೇಕು ಎಂದು ಒಮ್ಮೆ ಕೇಳಿದ್ದೆ. ಜನ ಬಸ್ ಟಿಕೆಟ್ ಸಿಕ್ಕಿಸುವುದು ಅಲ್ಲೇ ಎಂದಳು. ಏಳನ್ನೂ ಬಾಯಲ್ಲಿ ಎಣಿಸುತ್ತಾ, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಬೆರಳಿನಿಂದಲೇ ನೋಡುತ್ತಾಳೆ. ಸಿಕ್ಕಿದ್ದನ್ನು ಒಂದು ಲಕೋಟೆಗೆ ಹಾಕಿ, ಬಟ್ಟೆಯ ನಂಬರನ್ನೇ ಅದರ ಮೇಲೆ ಬರೆದು, ಗೂಡಿನಲ್ಲಿ ಇಡುತ್ತಾಳೆ. ಒಗೆದ ಬಟ್ಟೆಯ ಜೊತೆ ಲಕೋಟೆಯೂ ವಾಪಸು ಹೋಗುತ್ತದೆ. ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಲಕೋಟೆಗಳನ್ನು ಅವಳು ಹಳೆಯ ಪತ್ರಿಕೆಯಿಂದ ತಾನೇ ಅಂಟಿಸುತ್ತಾಳೆ. ಹೆಚ್ಚಿನವು ನನ್ನ ಅಂಕಣದ ಪುಟದಿಂದ. ಅಳತೆಗೆ ಸರಿಯಾಗುತ್ತದಂತೆ. ಹದಿನಾಲ್ಕು ವರ್ಷದ ನನ್ನ ಸಾಹಿತ್ಯಸೇವೆ ಯಾರಿಗಾದರೂ ಉಪಯೋಗಕ್ಕೆ ಬಿದ್ದಿದ್ದರೆ ಅದು ಇಲ್ಲಿ.

ಏನೆಲ್ಲ ಸಿಕ್ಕಿದೆ ಎಂದು ಹೇಳಹೊರಟರೆ ಅದೇ ಒಂದು ಪುಸ್ತಕವಾದೀತು. ಮಗುವಿನ ಹಾಲುಹಲ್ಲು. ಚದುರಂಗದ ಒಂದು ಕುದುರೆ. ಸೀಟಿ. ಹೆಡ್ ಮಾಸ್ತರರ ಕೋಟಿನಲ್ಲಿ ಯಾವುದೋ ತರಗತಿಯಲ್ಲಿ ಕಿತ್ತಿಟ್ಟುಕೊಂಡ ಹದಿನೇಳು ಗೋಲಿ. ಹಲ್ಲಿನ ಡಾಕ್ಟರ ಜೇಬಿನಲ್ಲಿ ಪ್ರತಿ ಸಲವೂ ಮಿಠಾಯಿ. ಒಮ್ಮೆ ಕೆಳದವಡೆಯ ಕಟ್ಟಿಸಿದ ಹಲ್ಲಿನ ಸೆಟ್ಟು. ಅದರ ಒಡೆಯರು ಮೂರು ದಿನ ಗಂಜಿ ಕುಡಿದು, ಮನೆಯನ್ನೆಲ್ಲ ತಲೆಕೆಳಗು ಮಾಡಿ, ಕೊನೆಗೆ ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ಅತ್ತೆ ಪ್ಯಾಂಟಿನ ಮೇಲೆ ಲಕೋಟೆ ಇಟ್ಟು ಕೊಟ್ಟಳು. ಅವರು ಅತ್ತ ತಿರುಗಿ ಹಾಕಿಕೊಂಡು, ಇತ್ತ ತಿರುಗಿ ನಕ್ಕರು. ಅತ್ತೆ ಮುಂದಿನ ಗಿರಾಕಿಯ ಚೀಟಿ ನೋಡುತ್ತಿದ್ದಳು.

ಸಿಕ್ಕ ಕಾಗದವನ್ನು ಮಾತ್ರ ಅವಳು ಬಿಡಿಸುವುದಿಲ್ಲ. ನಾಲ್ಕು ಮಡಿಕೆಯಾಗಿದ್ದರೆ ನಾಲ್ಕು ಮಡಿಕೆಯಲ್ಲೇ ಲಕೋಟೆಗೆ ಹೋಗುತ್ತದೆ. ಬಿಚ್ಚಿಕೊಂಡಿದ್ದರೆ ಮಗುಚಿ ಹಾಕುತ್ತಾಳೆ. ಕೇಳಿದರೆ ಒಂದೇ ಉತ್ತರ: "ನಾನು ಜೇಬು ನೋಡೋಳು, ಓದೋಳಲ್ಲ."

ಓದುವವನು ನಾನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಹದಿನಾಲ್ಕು ವರ್ಷದ ಹಿಂದೆ ನನ್ನ ಮೊಟ್ಟಮೊದಲ ಅಂಕಣಕ್ಕೆ ವಿಷಯ ಸಿಗದೆ, ಅತ್ತೆ ಒಳಗೆ ಹೋದಾಗ ಗೂಡಿನ ಒಂದು ಲಕೋಟೆ ಬಿಚ್ಚಿದೆ. ಯಾರದೋ ಸಾಮಾನಿನ ಪಟ್ಟಿ: ಸೋಪು, ಬ್ಲೇಡು, ಕೂದಲಿಗೆ ಕಪ್ಪು ಬಣ್ಣ (ಹೆಂಡತಿಗೆ ಹೇಳಬಾರದು). ಹೆಸರು ಹಾಕದೆಯೇ ಬರೆದೆ. ಊರು ನಕ್ಕಿತು. ಆದರೆ ಬ್ಯಾಂಕಿನ ಗುಮಾಸ್ತರು ಮಾತ್ರ ಒಂದು ತಿಂಗಳು ಈ ಬೀದಿಗೆ ಕಾಲಿಡಲಿಲ್ಲ. ಅತ್ತೆ ಪತ್ರಿಕೆ ಹಿಡಿದುಕೊಂಡು ಅವರ ಮನೆಗೆ ಹೋಗಿ ತಾನೇ ಕ್ಷಮೆ ಕೇಳಿ ಬಂದಳು. ನನಗೆ ಬೈಯಲಿಲ್ಲ. ಇನ್ನು ಮೇಲೆ ಗಿರಾಕಿಗಳ ಬಟ್ಟೆ ಮುಟ್ಟಬೇಡ ಎಂದಳು, ಅಷ್ಟೇ. ಅಂದಿನಿಂದ ನನಗೆ ಅಲ್ಲಿ ಒಂದು ಸ್ಟೂಲು, ಒಂದು ಲೋಟ ಚಹಾ, ಬೇಕಾದಷ್ಟು ಮಾತು ಎಲ್ಲವೂ ಸಿಗುತ್ತದೆ. ಬಟ್ಟೆಯ ಒಂದು ಅಂಚು ಮುಟ್ಟಿದರೂ ಅವಳ ಕಣ್ಣು ನನ್ನ ಕೈಯ ಮೇಲಿರುತ್ತದೆ.

ಅಂಗಡಿಯ ಬಾಗಿಲ ಮೇಲೆ ಒಂದು ಬೋರ್ಡಿದೆ. ಬಟ್ಟೆಗೆ ಗುರುತು ಹಾಕುವ ಮಸಿಯಲ್ಲಿ ಅತ್ತೆಯೇ ಬರೆದದ್ದು. ಅಕ್ಷರಗಳು ಬಲಕ್ಕೆ ವಾಲಿವೆ. 'ಜೇಬಿಗೆ ನಾವು ಹೊಣೆ.' ಎರಡು ವರ್ಷದ ಹಿಂದೆ ಎದುರಿಗೇ ಗಾಜಿನ ಬಾಗಿಲಿನ, ಆರು ಮೆಷಿನುಗಳ ದೊಡ್ಡ ಲಾಂಡ್ರಿ ಬಂತು. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಸಿದ್ಧ. ಅಲ್ಲೂ ಒಂದು ಬೋರ್ಡಿದೆ, ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದ್ದು: 'ಜೇಬಿನಲ್ಲಿರುವ ವಸ್ತುಗಳಿಗೆ ನಾವು ಹೊಣೆಯಲ್ಲ.' ಅರ್ಧ ಬೀದಿ ಅತ್ತ ಹೋಯಿತು. ಉಳಿದರ್ಧ ಅತ್ತೆಯ ಹತ್ತಿರವೇ ನಿಂತಿತು. ನಿಂತದ್ದು ಯಾಕೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಬೋರ್ಡಿನ ಆ ಮೂರು ಪದ ಬಿಟ್ಟರೆ ಆರು ಮೆಷಿನುಗಳ ಎದುರಿಗೆ ಇಡಲು ಅವಳ ಹತ್ತಿರ ಬೇರೇನೂ ಇರಲಿಲ್ಲ.

ಅಂದು ಗುರುವಾರ ನಾನು ಹೋದಾಗ ಒಂಬತ್ತೂವರೆ. ಬಿಸಿಲಿತ್ತು, ಆದರೆ ಬಿಸಿ ಇರಲಿಲ್ಲ. ಗಾಳಿ ಬೀದಿಯ ಎಲೆಗಳನ್ನೆಲ್ಲ ಗುಡಿಸಿ ತಂದು ನೇರವಾಗಿ ಅತ್ತೆಯ ಹೊಸ್ತಿಲಿಗೆ ಹಾಕುತ್ತಿತ್ತು. ಎದುರಿನ ಗಾಜಿನ ಬಾಗಿಲಿಗೆ ಒಂದೂ ಹೋಗುತ್ತಿರಲಿಲ್ಲ. ಗಾಳಿಗೂ ಪಕ್ಷಪಾತ ಎಂದೆ. ಅದು ಹಳೇ ಗಿರಾಕಿ ಕಣೋ ಎಂದಳು ಅತ್ತೆ. ಪೆಟ್ಟಿಗೆಯ ತಳದಿಂದ ಎದ್ದು ಬಂದ ಬೆಚ್ಚನೆಯ ಬಟ್ಟೆಗಳು ರಾಶಿ ಬಿದ್ದಿದ್ದವು, ಅಂಗಡಿಯೆಲ್ಲ ನುಸಿಗುಳಿಗೆಯ ವಾಸನೆ. ಕಳೆದ ಚಳಿಯಲ್ಲಿ ಇಟ್ಟು ಮರೆತದ್ದು ಜೇಬಿನಿಂದ ಹೊರಗೆ ಬರುವುದು ಈ ದಿನಗಳಲ್ಲೇ, ಆದ್ದರಿಂದ ಲಕೋಟೆಯ ಗೂಡು ತುಂಬಿತ್ತು. ನಾನು ಅದರತ್ತ ನೋಡದೆ ಕೂರಲು ಕಷ್ಟಪಡುತ್ತಿದ್ದೆ.

ಅತ್ತೆ ಅರವತ್ಮೂರನೇ ನಂಬರಿನ ಕೋಟು ಒಗೆದು ಮುಗಿಸಿದ್ದಳು. ಅದು ಮೂಲೆಯ ಕಬ್ಬಿಣದಂಗಡಿಯ ಯಜಮಾನರದು. ದಪ್ಪ ಉಣ್ಣೆಯ ಕಂದು ಕೋಟು, ಹೊಲಿಸಿದ ದಿನದಿಂದ ನೀರು ಕಂಡದ್ದಲ್ಲ. ಈಗಲೂ ಕಾಣುತ್ತಿರಲಿಲ್ಲ, ಮೊನ್ನೆ ಎಣ್ಣೆಯ ಡಬ್ಬಿ ಮಗುಚಿಕೊಂಡದ್ದರಿಂದ ಬೇರೆ ದಾರಿಯಿಲ್ಲದೆ ತಂದುಕೊಟ್ಟಿದ್ದರು. ಕೊಡುವಾಗ ಅತ್ತೆ ಕೇಳುವ ಮೊದಲೇ ತಾವೇ ಜೇಬುಗಳನ್ನೆಲ್ಲ ಹೊರಮಗುಚಿ, ಇನ್ನೇನೂ ಇಲ್ಲ ಎಂದಿದ್ದರಂತೆ. ಅತ್ತೆ ಆದರೂ ಏಳು ಕಡೆ ನೋಡಿದಳು. ಒಂದು ತಿರುಪು ಮೊಳೆ ಸಿಕ್ಕಿತು, ಲಕೋಟೆಗೆ ಹೋಯಿತು.

ಆ ಅಂಗಡಿಯ ಗಂಡ ಹೆಂಡಿರ ವಿಷಯ ಇಲ್ಲೇ ಹೇಳಿಬಿಡಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಮಾಡಿದವರು ಇವರನ್ನು ನೋಡಿರಲಿಲ್ಲ. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿ ಉಂಡಿದ್ದಾರೆ, ಒಂದೇ ಅಂಗಡಿಯಲ್ಲಿ ದುಡಿದಿದ್ದಾರೆ, ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತಾಡಿಲ್ಲ. ಯಜಮಾನರು ತಕ್ಕಡಿಯ ಬದಿಗೆ, ಯಜಮಾನತಿ ಮೊಳೆಯ ಖಾನೆಗಳ ಬದಿಗೆ. ನಡುವೆ ನಿಂತ ಗಿರಾಕಿಯೇ ಅಂಚೆಯವನು. 'ಎರಡಿಂಚಿನದು ಎಲ್ಲಿದೆ ಅಂತ ಅವರನ್ನ ಕೇಳಿ.' 'ಕಣ್ಣೆದುರೇ ಇದೆ ಅಂತ ಅವರಿಗೆ ಹೇಳಿ.' ಹೇಳುವುದೇ ಬೇಡ, ಇಬ್ಬರಿಗೂ ಕೇಳಿಸಿರುತ್ತದೆ. ಗಿರಾಕಿ ಇಲ್ಲದಾಗ ತಕ್ಕಡಿಗೆ ಹೇಳುತ್ತಾರೆ. ಬೀದಿಗೆ ಇದು ಎಷ್ಟು ಅಭ್ಯಾಸವಾಗಿಹೋಗಿದೆ ಎಂದರೆ, ಒಂದು ಕೀಲು ಬೇಕಾದರೂ ನಾವು ನಾಲ್ಕು ಮಾತು ಸಾಗಿಸಲು ಸಿದ್ಧರಾಗಿಯೇ ಹೋಗುತ್ತೇವೆ. ಯಾಕೆ ಹೀಗಾಯಿತೆಂದು ಯಾರಿಗೂ ಗೊತ್ತಿಲ್ಲ. ಯಜಮಾನತಿಯನ್ನು ಕೇಳುವ ಧೈರ್ಯವೂ ಯಾರಿಗೂ ಇಲ್ಲ. ಅವರ ನಾಲಿಗೆ ಅಂಗಡಿಯ ಸಾಮಾನಿಗಿಂತ ಹರಿತ. ಅವರು ಕೆಟ್ಟದ್ದೆಂದ ಅಂಗಡಿಗೆ ಒಂದು ವಾರ ನೊಣವೂ ಬರುವುದಿಲ್ಲ.

ಅತ್ತೆ ಉಣ್ಣೆಯನ್ನು ಹಿಂಡುವುದಿಲ್ಲ. ದಪ್ಪ ಟವೆಲಿನಲ್ಲಿ ಸುತ್ತಿ ಒತ್ತುತ್ತಾಳೆ. ಹಾಗೆ ಒತ್ತಿ, ಬಿಡಿಸಿ, ಕೊರಳಪಟ್ಟಿಯ ಹಿಂದೆ ತೂಗುಹಾಕಲು ಇರುವ ಕುಣಿಕೆಯನ್ನು ಹಿಡಿದು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ನಾನು ನನ್ನ ಮಾತಿನ ನಡುವೆ ಇದ್ದೆ. ಸುಮ್ನಿರು ಎಂದಳು.

ಕುಣಿಕೆಯ ಸರಿಯಾಗಿ ಕೆಳಗೆ, ಅಸ್ತರಿನಲ್ಲಿ, ಅಸ್ತರಿನದೇ ಬಟ್ಟೆಯ ಒಂದು ಪುಟ್ಟ ಜೇಬಿತ್ತು. ಹೊಲಿಗೆ ಕೂದಲಿನಷ್ಟು ಸಣ್ಣದು. ಒಂದು ಚಿಕ್ಕ ಗುಂಡಿ. ಅತ್ತೆ ಗುಂಡಿ ಬಿಚ್ಚಿ, ಎರಡು ಬೆರಳು ಹಾಕಿ, ತೊಯ್ದು ಮುದ್ದೆಯಾದ ಕಾಗದವೊಂದನ್ನು ತೆಗೆದಳು. ನೀಲಿ ಮಸಿ ಹರಿದು ಅಸ್ತರಿಗೆ ಹಿಡಿದಿತ್ತು. ಎಂಟನೆಯ ಜೇಬು. ಬೆನ್ನಿನಲ್ಲಿ.

ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಅಂಗಡಿಯಲ್ಲಿ ಒಬ್ಬರ ಕಾಗದ ನೀರಿಗೆ ಬಿದ್ದಿತ್ತು.

ಅತ್ತೆ ಸ್ಟೂಲು ಎಳೆದುಕೊಂಡು ಕೂತಳು. ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಂಗೈಯ ಮೇಲಿನ ಮುದ್ದೆಯನ್ನು ನೋಡುತ್ತಾ, ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ, ಅಂಗಾತ ಮಲಗಿಸಿದರೆ ಬೆನ್ನು ಕೆಳಗೆ ಹೋಗುತ್ತದೆ ಎಂದಳು. ಬೆನ್ನಿನಲ್ಲಿ ಜೇಬಿರುವುದಿಲ್ಲ ಎಂದು ತನಗೆ ಯಾರು ಹೇಳಿದ್ದರು, ತಾನೇ ಹೇಳಿಕೊಂಡದ್ದಲ್ಲವೇ ಎಂದೂ ಅಂದಳು.

ಹೆದರಿಕೆಯಾದಾಗ ನನಗೆ ಬುದ್ಧಿ ಹೇಳುವ ಚಟ. ಇದನ್ನು ಎಸೆದುಬಿಡು ಅತ್ತೆ, ಮಸಿಯ ಕಲೆಯನ್ನು ಹೇಗಾದರೂ ತೆಗೆಯುತ್ತೀಯ, ಜೇಬಿದೆ ಎಂದು ಅವರಿಗೇ ಗೊತ್ತಿಲ್ಲ, ಗೊತ್ತಿದ್ದರೆ ಇನ್ನೇನೂ ಇಲ್ಲ ಎನ್ನುತ್ತಿರಲಿಲ್ಲ ಎಂದೆ. ಗಾಜಿನ ಬಾಗಿಲಿನವರು ಕಾಯುತ್ತಿರುವುದೇ ಇಂಥದ್ದಕ್ಕೆ ಎಂದೆ. ಆ ಯಜಮಾನತಿಯ ಬಾಯಿಗೆ ಇದು ಬಿದ್ದರೆ ಸಂಜೆಯೊಳಗೆ ಊರೆಲ್ಲ ಡಂಗುರ ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಗಾದೆ ಬೇರೆ ಹೇಳಿದೆ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಅವರಿಗೆ ಗೊತ್ತಿಲ್ಲ, ಸರಿ," ಎಂದಳು ಅತ್ತೆ. "ನನಗೆ ಗೊತ್ತಲ್ಲ."

ಎದ್ದು ಒಂದು ಲಕೋಟೆ ತೆಗೆದು, 63 ಎಂದು ಬರೆದು, ಮುದ್ದೆಯನ್ನು ಬಿಡಿಸದೆ, ಹಿಂಡದೆ, ಇದ್ದ ಹಾಗೆಯೇ ಒಳಗಿಟ್ಟಳು. ಲಕೋಟೆಯ ಮೇಲೆ ಹೋದ ವರ್ಷದ ನನ್ನ ಹಳದಿ ಎಲೆಯ ಅಂಕಣವಿತ್ತು, ಅದೂ ತೊಯ್ಯತೊಡಗಿತು. ಆಮೇಲೆ ಸ್ಟೂಲು ಬಾಗಿಲಿಗೆ ಒಯ್ದು, ಅದರ ಮೇಲೆ ಹತ್ತಿ, ಬೋರ್ಡನ್ನು ಇಳಿಸಿದಳು. ನಾನು ಬೇಡ ಬೇಡ ಎನ್ನುತ್ತಲೇ ಸ್ಟೂಲು ಹಿಡಿದುಕೊಂಡೆ. ಬೋರ್ಡನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು. ಅದರ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಎದುರಿನ ಗಾಜಿನ ಬಾಗಿಲಿನ ಹಿಂದೆ ಯಾರೋ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಹೇಳಿಬಿಡುತ್ತೇನೆ. ಅವಳಿಗೆ ಆಗಲಿಲ್ಲ. ಅಂಗಡಿಗೆ ಚಿಲಕ ಹಾಕಿ, ಮೂಲೆಯ ಕಡೆ ನಡೆದಳು. ನಾನು ಹಿಂದೆ.

ಕಬ್ಬಿಣದಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಯಜಮಾನರು ಸರಪಳಿ ಅಳೆಯುತ್ತಿದ್ದರು. ಯಜಮಾನತಿ ಖಾನೆಗಳಿಗೆ ಮೊಳೆ ತುಂಬುತ್ತಿದ್ದರು. ಅತ್ತೆ ಮೇಜಿನ ಸರಿಯಾಗಿ ನಡುವೆ ನಿಂತು, ಪೀಠಿಕೆ ಹಾಕದೆ ಹೇಳಿದಳು:

"ನಿಮ್ಮ ಕೋಟು ಒಗೆಯುವಾಗ ನನ್ನಿಂದ ತಪ್ಪಾಗಿದೆ. ಬೆನ್ನಿನ ಹತ್ತಿರ ಒಂದು ಜೇಬಿತ್ತು, ನಾನು ನೋಡಲಿಲ್ಲ. ಒಳಗೆ ಕಾಗದ ಇತ್ತು. ತೊಯ್ದುಹೋಗಿದೆ. ಇನ್ನು ಓದೋಕೆ ಬರಲ್ಲ."

ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಯಜಮಾನರು ಸರಪಳಿ ಬಿಟ್ಟು ಕಣ್ಣು ಕಣ್ಣು ಬಿಟ್ಟರು. ಬೆನ್ನಿನಲ್ಲಿ ಜೇಬಿಡುವವರು ಯಾರು ಎಂದು ಮೊದಲು ಅತ್ತೆಯನ್ನು ಕೇಳಿದರು. ಆಮೇಲೆ ಅಭ್ಯಾಸಬಲದಿಂದ, ಬೆನ್ನಿನಲ್ಲಿ ಜೇಬು ಯಾರು ಇಟ್ಟದ್ದು ಅಂತ ಅವರನ್ನ ಕೇಳಿ ಎಂದರು.

ಯಜಮಾನತಿಯ ಕೈಯಿಂದ ಮೊಳೆಗಳು ಖಾನೆಗೆ ಬೀಳುವುದು ನಿಂತಿತು. ಈಗ ಸಿಡಿಲು ಬಡಿಯುತ್ತದೆ ಎಂದು ನಾನು ಅತ್ತೆಯ ಹಿಂದೆ ಸರಿದೆ. ಆದರೆ ಅವರ ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಅದು ಅವರದೇ ಎಂದು ನಂಬಲಾಗಲಿಲ್ಲ.

"ಇಟ್ಟೋಳು ನಾನು ಅಂತ ಹೇಳಿ," ಎಂದರು ಅತ್ತೆಗೆ. "ಹನ್ನೊಂದು ವರ್ಷದ ಹಿಂದೆ. ದಿನಾ ಕೋಟು ತೂಗುಹಾಕುವಾಗ ಕೈಗೆ ಸಿಗಲಿ ಅಂತ ಕುಣಿಕೆಯ ಕೆಳಗೇ ಹೊಲಿದೆ. ಅದಕ್ಕೆ ಅಂತಲೇ ಹಿಂದಿನ ಕೋಣೆಯಲ್ಲಿ ಒಂದು ಹೊಸ ಕೊಕ್ಕೆಯನ್ನೂ ಹೊಡೆದೆ."

"ಆ ಕೊಕ್ಕೆ?" ಯಜಮಾನರು ತಕ್ಕಡಿಯನ್ನು ಹಿಡಿದುಕೊಂಡರು. "ಅದನ್ನ ಎಷ್ಟು ಗಟ್ಟಿ ಅಂತ ನೋಡೋಕೆ ಹೊಡೆದಿದ್ದಾಳೆ ಅಂದ್ಕೊಂಡು ಮಾರನೇ ದಿನವೇ ಕಿತ್ತು ಮಾರಿಬಿಟ್ಟೆ ಅಂತ ಹೇಳಿ ಅವರಿಗೆ."

ನನಗೆ ನಗು ಬರಬೇಕಿತ್ತು. ನಲವತ್ತು ಬಗೆಯ ಕೊಕ್ಕೆ ಮಾರುವ ಮನುಷ್ಯ ತನ್ನ ಕೋಟನ್ನು ಒಂದು ದಿನವೂ ಕೊಕ್ಕೆಗೆ ಹಾಕಿದವರಲ್ಲ. ಬಂದವರೇ ಮೊಳೆಯ ಮೂಟೆಯ ಮೇಲೆ ಎಸೆಯುತ್ತಿದ್ದರು. ಅದು ಬೀದಿಗೆಲ್ಲ ಗೊತ್ತು. ಹಿಂದಿನ ಕೋಣೆಯ ಗೋಡೆಯಲ್ಲಿ ಕೊಕ್ಕೆಯ ಬದಲು ಬರೀ ತೂತು ಕಂಡಾಗ ಆ ಹೆಂಗಸು ಏನೆಂದುಕೊಂಡಿರಬೇಕು ಎಂದು ಆಗ ಹೊಳೆಯಿತು. ನಗು ಬರಲಿಲ್ಲ.

ಯಜಮಾನತಿಯೇ ಅದನ್ನು ಹೇಳಿದರು, ಮೊಳೆಗಳನ್ನು ನೋಡುತ್ತಾ. ಓದಿದ್ದಾರೆ, ಓದಿ ಕೊಕ್ಕೆ ಕಿತ್ತುಹಾಕಿದ್ದಾರೆ, ಅದೇ ಉತ್ತರ ಎಂದು ತಿಳಿದರಂತೆ. ಆಮೇಲೆ ಯಾವ ಬಾಯಿಟ್ಟುಕೊಂಡು ಮಾತಾಡುವುದು ಎಂದು ಸುಮ್ಮನಾದರಂತೆ. ಹೆಂಡತಿ ಸುಮ್ಮನಾದದ್ದು ನೋಡಿ ಯಜಮಾನರೂ ಸುಮ್ಮನಾದರು.

ಯಜಮಾನರು ಲಕೋಟೆ ತೆಗೆದುಕೊಂಡು, ಒಳಗೆ ನೋಡಿ, ನೀಲಿಯಾದ ಬೆರಳನ್ನು ನೋಡಿಕೊಂಡರು. ಆಮೇಲೆ ಅತ್ತೆಯತ್ತ ತಿರುಗಿ, ಹನ್ನೊಂದು ವರ್ಷದ ಅಭ್ಯಾಸದಲ್ಲೇ ಅಂದರು:

"ಏನು ಬರೆದಿತ್ತು ಅಂತ ಅವರನ್ನ ಕೇಳಿ."

ಈ ಬೀದಿಯಲ್ಲಿ ಬೇರೆ ಯಾರೇ ಆಗಿದ್ದರೂ ಕೇಳಿಬಿಡುತ್ತಿದ್ದರು. ನಾನಂತೂ ಬಾಯಿ ತೆರೆದೇ ಇದ್ದೆ.

"ನೀವೇ ಕೇಳಿ," ಎಂದಳು ಅತ್ತೆ. "ನಾನು ಜೇಬು ನೋಡೋಳು. ಈ ಸಲ ಅದನ್ನೂ ಸರಿಯಾಗಿ ನೋಡಲಿಲ್ಲ."

ಹೇಳಿದವಳೇ ನನ್ನ ತೋಳು ಹಿಡಿದು ಬಾಗಿಲ ಕಡೆ ಎಳೆದಳು. ಅರವತ್ತಾರರ ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬಂತೋ. ನಾನು ಆದಷ್ಟು ನಿಧಾನವಾಗಿ ಎಳೆಸಿಕೊಂಡೆ. ಹೊಸ್ತಿಲು ದಾಟುವಾಗ ಯಜಮಾನರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಏನು ಬರೆದಿದ್ದೆ?"

"ತಕ್ಕಡಿ ಕೆಟ್ಟಿತ್ತು," ಎಂದರು ಯಜಮಾನತಿ. "ಗಿರಾಕಿಗಳ ಎದುರಿಗೆ ನಿಮಗೆ ತೂಕ ಮಾಡೋಕೂ ಬರಲ್ಲ ಅಂದುಬಿಟ್ಟೆ. ನೀವು ಸರಿ ಇದ್ರಿ. ತಪ್ಪು ನಂದು ಅಂತ ಬರೆದಿದ್ದೆ."

ಅಷ್ಟರಲ್ಲಿ ಅತ್ತೆ ನನ್ನನ್ನು ಹೊರಗೆ ತಂದು ಬಾಗಿಲು ಎಳೆದುಕೊಂಡಿದ್ದಳು.

ವಾಪಸು ಬರುವಾಗ ನಾನು ಹಾರಾಡುತ್ತಿದ್ದೆ. ನಿನ್ನ ತಪ್ಪಿನಿಂದ ಎಂಥ ಒಳ್ಳೆಯದಾಯಿತು, ಇನ್ನು ಬೋರ್ಡು ಹಾಕು ಎಂದೆ. ಅತ್ತೆ ಒಪ್ಪಲಿಲ್ಲ. ಅವರಿಗೆ ಒಳ್ಳೆಯದಾದದ್ದು ಅವರ ಭಾಗ್ಯ, ತನ್ನ ಕೈಯಲ್ಲಿ ಒಬ್ಬರ ಕಾಗದ ಹಾಳಾದದ್ದು ಹಾಳಾದದ್ದೇ ಎಂದಳು. ಅವಳ ಪಾಲಿಗೆ ಬೋರ್ಡಿನ ಮಾತು ಸುಳ್ಳಾಗಿತ್ತು, ಸುಳ್ಳನ್ನು ಬಾಗಿಲ ಮೇಲೆ ತೂಗುಹಾಕಿಕೊಂಡು ಕೂರಲು ಅವಳಿಂದಾಗದು. ಮಧ್ಯಾಹ್ನ ಬಂದ ಇಬ್ಬರು ಗಿರಾಕಿಗಳು ಬೋರ್ಡು ಎಲ್ಲಿ ಎಂದು ಕೇಳಿದರು. ಒಂದು ಕೋಟಿನ ಜೇಬು ತಪ್ಪಿಹೋಯಿತು, ಅದಕ್ಕೆ ಇಳಿಸಿದೆ ಎಂದು ಇಬ್ಬರಿಗೂ ಹೇಳಿದಳು. ಯಾರ ಕೋಟು ಎಂದು ಹೇಳಲಿಲ್ಲ. ಒಬ್ಬರು ಹಾಗಾ ಎಂದು ಗಂಟು ಬಿಚ್ಚದೆಯೇ ಎದುರಿನ ಗಾಜಿನ ಬಾಗಿಲಿಗೆ ಹೋದರು. ಅತ್ತೆ ಅವರ ಬೆನ್ನು ನೋಡುತ್ತಾ ನಿಂತಳು, ಆಮೇಲೆ ಮೇಜಿನ ಮೇಲಿನ ಮುಂದಿನ ಕೋಟನ್ನು ಎತ್ತಿಕೊಂಡಳು. ಏಳು ಕಡೆ ನೋಡಿ, ಬೋರಲು ಹಾಕಿ, ಎಂಟನೆಯದನ್ನೂ ನೋಡಿದಳು.

ನನ್ನ ಸ್ಥಿತಿ ಇನ್ನೂ ಕಷ್ಟದ್ದು. ಹದಿನಾಲ್ಕು ವರ್ಷದಲ್ಲಿ ಸಿಕ್ಕದ ಕಥೆ ಕೈಯಲ್ಲಿತ್ತು, ಮಾರನೇ ದಿನ ಮಧ್ಯಾಹ್ನ ಪತ್ರಿಕೆಗೆ ಕೊಡಬೇಕಿತ್ತು. ಅತ್ತೆ ಬರೆಯಬೇಡ ಎಂದು ಹೇಳಲಿಲ್ಲ. ಹೇಳಿದ್ದರೆ ಬರೆದುಬಿಡುತ್ತಿದ್ದೆನೋ ಏನೋ. ಬ್ಯಾಂಕಿನ ಗುಮಾಸ್ತರ ಮನೆಗೆ ಅವಳು ಪತ್ರಿಕೆ ಹಿಡಿದು ಹೋದದ್ದು ನೆನಪಾಗಿ, ಪೆನ್ನು ಮುಂದೆ ಹೋಗಲಿಲ್ಲ. ಕೊನೆಗೆ ಹದಿನೈದನೆಯ ಸಲ ಎಲೆ ಉದುರಿಸಿ ಕಳಿಸಿದೆ. ಸಂಪಾದಕರು ಇನ್ನೂ ಮುನಿಸಿಕೊಂಡಿದ್ದಾರೆ. ಇದನ್ನು ಈಗ ಬರೆಯುತ್ತಿರುವುದು ಆ ಇಬ್ಬರನ್ನೂ ಕೇಳಿ, ಅವರ ಎದುರಿಗೆ ಓದಿ ತೋರಿಸಿಯೇ. ಕೊಕ್ಕೆ ನಲವತ್ತು ಬಗೆ ಅಲ್ಲ, ನಲವತ್ತಮೂರು ಎಂದು ಯಜಮಾನತಿ ತಿದ್ದಿದ್ದಾರೆ. ನಾನು ನಲವತ್ತನ್ನೇ ಬಿಟ್ಟಿದ್ದೇನೆ, ಅವರಿಗೆ ಬೈಯಲು ಏನಾದರೂ ಇರಲಿ.

ಶನಿವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗ ಯಜಮಾನರು ಬಂದರು. ಕೈಯಲ್ಲಿ ಹೆಂಗಸರ ಒಂದು ಬೂದುಬಣ್ಣದ ಸ್ವೆಟರು. ಮೊದಲು ಬಾಗಿಲ ಮೇಲಿನ ಬಿಳಿ ಗೋಡೆ ನೋಡಿದರು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದ ಬೋರ್ಡನ್ನು ನೋಡಿದರು. ಇದೇನು ಎಂದರು. ಅತ್ತೆ ಹೇಳಿದಳು. ಅವರು ಬೋರ್ಡನ್ನು ತಿರುಗಿಸಿ, ದೂರ ಹಿಡಿದು, ಮೂರು ಪದವನ್ನೂ ಬೆರಳಿಟ್ಟು ಓದಿದರು.

"ಹೊಣೆ ಅಂತ ತಾನೇ ಬರೆದಿರೋದು?" ಎಂದರು. "ತಪ್ಪೇ ಆಗಲ್ಲ ಅಂತ ಬರೆದಿಲ್ಲವಲ್ಲ. ಹೊಣೆ ಅಂದ್ರೆ ಮೊನ್ನೆ ನೀವು ಬಂದು ಹೇಳಿದ್ರಲ್ಲ, ಅದೇ."

ಯಜಮಾನರು ಜೇಬಿನಿಂದ ಒಂದು ಹೊಸ ಕೊಕ್ಕೆ ತೆಗೆದು, ಹಳೆಯದು ಸಡಿಲವಾಗಿದೆ ಎಂದು ಬೈದು, ಅದನ್ನು ಕಿತ್ತು ಇದನ್ನು ತಿರುಪಿ, ತಾವೇ ಸ್ಟೂಲು ಹತ್ತಿ ಬೋರ್ಡನ್ನು ಮೇಲೆ ಹಾಕಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕಣ್ಣು ತುಂಬಿತ್ತು. ನನ್ನದೂ.

ಆಮೇಲೆ ಸ್ವೆಟರನ್ನು ಮುಂದಿಟ್ಟರು. ಒಗೆಯುವುದು ಬೇಡ, ಬೆಳಿಗ್ಗೆಯಷ್ಟೇ ಪೆಟ್ಟಿಗೆಯಿಂದ ತೆಗೆದದ್ದು, ಇಸ್ತ್ರಿ ಮಾಡಿ ಹೆಂಡತಿಯ ಕೈಗೇ ಕೊಟ್ಟರೆ ಸಾಕು ಎಂದರು. ಅಷ್ಟರಲ್ಲಿ ಅತ್ತೆಯ ಬೆರಳು ಅಭ್ಯಾಸದಂತೆ ಜೇಬಿಗೆ ಹೋಗಿತ್ತು. ಎಡಜೇಬಿನಲ್ಲಿ ಎರಡು ಮಡಿಕೆಯ ಒಂದು ಕಾಗದ.

"ಅದು ಅಲ್ಲೇ ಇರಲಿ," ಎಂದರು ಯಜಮಾನರು. ಕಿವಿ ಕೆಂಪಾಗಿತ್ತು.

ಈಗ ಮಾತಾಡುತ್ತೀರಲ್ಲ, ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ಅತ್ತೆ ಕೇಳಿದಳು.

"ಹೇಳಿದ್ದೀನಿ. ಆದರೆ ಬರೆದು ಹೇಳಿದ್ದಕ್ಕೆ ಬರೆದೇ ಉತ್ತರ ಕೊಡಬೇಕಲ್ಲ."

ಲಕೋಟೆ ಕೊಡುತ್ತೇನೆ, ಅಂಟಿಸಿ ಕೊಡಿ ಎಂದಳು ಅತ್ತೆ. ನಿಮ್ಮ ಹತ್ತಿರ ಅದೆಲ್ಲ ಯಾಕೆ ಎಂದು ಹೇಳಿ ಅವರು ಹೊರಟುಹೋದರು. ಬೀದಿಯ ಎಲೆಗಳನ್ನು ಚಪ್ಪಲಿಯಲ್ಲಿ ಒದೆಯುತ್ತಾ ಹೋದರು, ಐವತ್ತೆಂಟರ ಮನುಷ್ಯ.

ಅತ್ತೆ ಇಸ್ತ್ರಿ ಪೆಟ್ಟಿಗೆ ತರಲು ಒಳಗೆ ಹೋದಳು. ಅಂಗಡಿಯಲ್ಲಿ ನಾನು ಮತ್ತು ಆ ಸ್ವೆಟರು. ಕಾಗದದ ಒಂದು ಅಂಚು ಜೇಬಿನಿಂದ ಹೊರಗಿತ್ತು. ಯಜಮಾನರದು ಮೊಳೆಯ ಖಾನೆಯ ಮೇಲೆ ಬರೆಯುವ ದಪ್ಪ ಅಕ್ಷರ, ಮಡಿಕೆಯ ಹಿಂದಿನಿಂದಲೇ ಕಾಣುತ್ತದೆ. ಸ್ವಲ್ಪ ತಲೆ ವಾಲಿಸಿದರೆ ಸಾಕಿತ್ತು. ಹನ್ನೊಂದು ವರ್ಷದ ಉತ್ತರ, ಒಂದು ಮೊಳ ದೂರದಲ್ಲಿ.

ನಾನು ಒಂದು ಬೆರಳಿನಿಂದ ಕಾಗದವನ್ನು ಜೇಬಿನೊಳಗೆ ತಳ್ಳಿ, ಹೋಗಿ ಬಾಗಿಲಲ್ಲಿ ನಿಂತು ಬೀದಿ ನೋಡಿದೆ.

ಅತ್ತೆ ಬಂದಳು. ಜೇಬನ್ನು ನೋಡಿದಳು. ನನ್ನನ್ನು ನೋಡಿದಳು.

"ಓದಿದ್ಯಾ?"

"ಇಲ್ಲ ಅತ್ತೆ."

ಅವಳು ನನ್ನ ಮುಖವನ್ನು ಒಂದು ಕೋಟಿನ ಜೇಬು ನೋಡುವಷ್ಟು ಹೊತ್ತು ನೋಡಿದಳು. ಆಮೇಲೆ ಮೇಜಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಇಸ್ತ್ರಿ ಪೆಟ್ಟಿಗೆಯ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದಳು.

"ಕೈ ಒರೆಸ್ಕೊಂಡು ಬಾ," ಎಂದಳು. "ಇದನ್ನ ನೀನು ಮಾಡು."